ಸೌಟು ಹಿಡಿದ ನ್ಯಾಯಾಧೀಶರು

ನ್ಯಾಯಾಧೀಶ ಎಮರಿ ಹ್ಯಾಸ್ಕೆಟ್ ಚರ್ಚಿನ ನೆಲಮಾಳಿಗೆಯಲ್ಲಿ ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಸೂಪು ಬಡಿಸುತ್ತಿದ್ದರು. ಅಮೆರಿಕದ ಮಿಸೌರಿಯ ಆ ಸಣ್ಣ ಊರಿನಲ್ಲಿ ನ್ಯಾಯಾಧೀಶರನ್ನೂ ಜನರೇ ಓಟು ಹಾಕಿ ಆರಿಸುತ್ತಾರೆ; ಚುನಾವಣೆಯ ಮುಂಚಿನ ಊಟದಲ್ಲಿ ಓಟು ಬೇಕಾದವರೇ ಬಡಿಸಬೇಕು. ಸಾಲಿನಲ್ಲಿ ವರ್ನಾ ಟಿಲ್ಸನ್ ಖಾಲಿ ಬಟ್ಟಲು ಹಿಡಿದು ನಿಂತಿದ್ದಳು.

ಅಂದು ಬೆಳಿಗ್ಗೆಯಷ್ಟೇ ಅವಳು ಇದೇ ಮನುಷ್ಯನ ಮುಂದೆ ಕೋರ್ಟಿನಲ್ಲಿ ನಿಂತಿದ್ದಳು. ಅವಳ ತಗಡಿನ ಮನೆ ಅವಳದೇ, ನೆಲ ಮಾತ್ರ ಬಾಡಿಗೆಯದು. ನೆಲ ಕೊಂಡ ಹೊಸ ಮಾಲೀಕ ಸೋಮವಾರವೇ ಖಾಲಿ ಮಾಡಬೇಕೆಂದಿದ್ದ. ಮಗಳ ಹೆರಿಗೆಯಾಗುವವರೆಗೆ ಇರಲು ಬಿಡಿ ಎಂದು ವರ್ನಾ ಬೇಡಿದ್ದಳು. ಶಾಸನಸಭೆ ಮಾಡಿದ ಕಾನೂನಿನಲ್ಲಿ ಹೆಚ್ಚಿನ ಅವಧಿ ಕೊಡಲು ಅವಕಾಶವಿಲ್ಲ ಎಂದು ಹ್ಯಾಸ್ಕೆಟ್ ಅವಳ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದರು. ಆ ಕಾನೂನು ತಂದವರು ಅವರೇ. ರಾಜ್ಯದ ಶಾಸನಸಭೆಯಲ್ಲಿ ಸೆನೆಟರ್ ಆಗಿದ್ದಾಗ ಇದೇ ನೆಲಮಾಳಿಗೆಯಲ್ಲಿ ನಿಂತು ಅದರ ಬಗ್ಗೆ ಕೊಚ್ಚಿಕೊಂಡಿದ್ದರು. ಊರಿನವರು ಚಪ್ಪಾಳೆ ತಟ್ಟಿದ್ದರು; ವರ್ನಾ ಕೂಡ.

"ಎರಡು ಸೌಟು ಜಾಸ್ತಿ ಹಾಕಿಸ್ಕೊಳ್ಳೇ, ಮನೇನೇ ಕಿತ್ಕೊಂಡಿದಾನಲ್ಲ," ಎಂದು ಹಿಂದಿನಿಂದ ನೆರೆಮನೆಯ ಐಯೋನಾ ಪಿಸುಗುಟ್ಟಿದಳು.

ವರ್ನಾಳ ಸರದಿ ಬಂತು.

"ಬನ್ನಿ ವರ್ನಾ. ಮಗಳು ಹೇಗಿದಾಳೆ?"

"ದಿನ ತುಂಬಿದೆ. ಸೋಮವಾರ ಎಲ್ಲಿ ಮಲಗೋದಮ್ಮಾ ಅಂತ ಕೇಳ್ತಾಳೆ."

ಹ್ಯಾಸ್ಕೆಟ್ ದನಿ ತಗ್ಗಿಸಿದರು. "ಕೋರ್ಟಿನ ವಿಷಯ ಇಲ್ಲಿ ಮಾತಾಡೋ ಹಾಗಿಲ್ಲಮ್ಮ. ನಿಯಮ ಇದೆ."

"ಕೋರ್ಟಲ್ಲೂ ಮಾತಾಡೋಕೆ ಬಿಡ್ಲಿಲ್ವಲ್ಲ ಜಡ್ಜ್ ಸಾಹೇಬ್ರೆ. ಆ ಕಾನೂನು ಮಾಡಿದ್ದು ಯಾರು?"

"ಅದು ಸೆನೆಟರ್ ಮಾಡಿದ್ದು. ನಾನೀಗ ಜಡ್ಜು." ಅವರು ನಕ್ಕು, ಉಳಿದವರೂ ನಗಲೆಂದು ಸಾಲಿನತ್ತ ನೋಡಿದರು. ಯಾರೂ ನಗಲಿಲ್ಲ.

"ಹಗ್ಗ ಹೊಸೆದವರೂ ನೀವೇ, ಬಿಚ್ಚೋಕೆ ಕೈಲಾಗಲ್ಲ ಅನ್ನೋರೂ ನೀವೇ. ಈಗ ಓಟು ಕೇಳ್ತಿರೋರು ಇವರಿಬ್ಬರಲ್ಲಿ ಯಾರು?"

ಪಾದ್ರಿಯ ಹೆಂಡತಿ ಗಾಬರಿಯಿಂದ ಬಂದು, ಮುಂದಿನ ಮೇಜಿನಲ್ಲಿ ಬಿಸಿ ಬ್ರೆಡ್ ಇದೆ, ಎಲ್ಲರೂ ಮುಂದೆ ಹೋಗಿ ಎಂದಳು. ಹ್ಯಾಸ್ಕೆಟ್ ಅವಸರವಾಗಿ ಸೌಟು ತುಂಬಿಸಿ ಚಾಚಿದರು. ವರ್ನಾ ಬಟ್ಟಲಿನ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು.

ಅವಳು ಜರುಗಲಿಲ್ಲ. ಹಿಂದಿನವರು ಅವಳನ್ನು ದಾಟಿ ಮುಂದೆ ಹೋಗಲಿಲ್ಲ. ಚಾಚಿದ ಸೌಟಿನ ಅಂಚಿನಿಂದ ಸೂಪು ಮೇಜಿನ ಬಿಳಿ ಹಾಸಿನ ಮೇಲೆ ಒಂದೊಂದೇ ಹನಿಯಾಗಿ ಬೀಳತೊಡಗಿತು.