ಉಡಿಯಲ್ಲಿ ಬಂದ ಫೋನು

ಸಗರದ ಗುರುದೇವಿಯ ಫೋನು ದಿನಕ್ಕೆ ನಾಲ್ಕು ಸಲ ಒಂದೇ ಮಾತು ಹೇಳುತ್ತಿತ್ತು: "ಜಾಗ ಭರ್ತಿಯಾಗಿದೆ." ನಿಮ್ಮ ಫೋನೂ ಹೇಳಿರಬಹುದು. ಗುರುದೇವಿ ಮನೆಯಲ್ಲೇ ಹೊಲಿಗೆ ಮಾಡುವವಳು. ಗಿರಾಕಿಗಳು ಕುಪ್ಪಸದ ಮಾದರಿಯನ್ನು ಫೋಟೊ ತೆಗೆದು ಕಳಿಸುತ್ತಾರೆ. ಜಾಗ ಇಲ್ಲದ ಫೋನಿಗೆ ಫೋಟೊ ಬರುವುದಿಲ್ಲ, ಅರ್ಧಕ್ಕೆ ನಿಂತು ತಿರುಗುತ್ತಲೇ ಇರುತ್ತದೆ. ಆಗ ಅವಳು ಏನಾದರೊಂದನ್ನು ಅಳಿಸಿ ಜಾಗ ಮಾಡುತ್ತಿದ್ದಳು.

ಮೊದಲು ಹಳೆಯ ಫೋಟೊಗಳು ಹೋದವು. ಆಮೇಲೆ ಮಕ್ಕಳು ಕುಣಿದ ವಿಡಿಯೊಗಳು. ಕೊನೆಗೆ ಅಳಿಸಲು ಉಳಿದದ್ದು ತಾಯಿಯ ಧ್ವನಿ.

ತಾಯಿ ಮಲಕಮ್ಮ ಬೋನಾಳದವಳು. ಓದು ಬರಹ ಬರುತ್ತಿರಲಿಲ್ಲ. ಮಗ ನೀಲಕಂಠನ ಫೋನಿನಲ್ಲಿ ಗುಂಡಿ ಒತ್ತಿ ಹಿಡಿದು, ಮಾತಾಡಿ, ಮಗಳಿಗೆ ಕಳಿಸುವುದನ್ನು ಮಾತ್ರ ಕಲಿತಿದ್ದಳು. ಊಟ ಆಯಿತೇ, ಮೊಣಕಾಲು ನೋಯುತ್ತದೆ, ಎಮ್ಮೆ ಈದಿದೆ, ಇಂಥವೇ ಮಾತುಗಳು. ಯುಗಾದಿಯಾದ ವಾರಕ್ಕೆ ಮಲಕಮ್ಮ ತೀರಿಕೊಂಡಳು. ಆಗ ಗುರುದೇವಿಯ ಫೋನಿನಲ್ಲಿ ತಾಯಿಯ ಮೂವತ್ತೊಂದು ಮಾತುಗಳಿದ್ದವು. ಶ್ರಾವಣ ಬರುವಷ್ಟರಲ್ಲಿ ಒಂಬತ್ತು ಉಳಿದಿದ್ದವು.

ಅದೇ ಫೋನಿನಲ್ಲಿ ಗುರುದೇವಿ ಒಮ್ಮೆಯೂ ತೆರೆಯದ ಆಟಗಳಿದ್ದವು, ಸಾಮಾನು ಕೊಳ್ಳುವ ಆ್ಯಪುಗಳಿದ್ದವು, ಸುದ್ದಿಯದೊಂದು, ಹಾಡಿನವು ಎರಡು. ಎಲ್ಲವೂ ಫೋನಿನ ಜೊತೆಗೇ ಬಂದವು. ಅವನ್ನು ತೆಗೆಯಬಾರದಿತ್ತೇ ಎಂದು ನೀವು ಕೇಳುತ್ತೀರಿ. ಅವಳು ತೆಗೆಯಲಿಲ್ಲ, ಅದಕ್ಕೊಂದು ಕಾರಣವಿತ್ತು.

ಹೋದ ವರ್ಷ ನಾಗರ ಪಂಚಮಿಗೆ ತವರಿಗೆ ಹೋಗಿದ್ದಳು. ಹೊರಡುವ ದಿನ ತಾಯಿ ಉಡಿ ತುಂಬಿದಳು. ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ. ಅವುಗಳ ಮೇಲೆ ಅಣ್ಣ ನೀಲಕಂಠ ಹೊಸ ಫೋನು ಇಟ್ಟ. ಉಡಿಯಲ್ಲಿ ಬಿದ್ದದ್ದನ್ನು ಹಾದಿಯಲ್ಲಿ ಚೆಲ್ಲಬಾರದು, ಇದ್ದದ್ದು ಇದ್ದಂತೆ ಗಂಡನ ಮನೆ ಮುಟ್ಟಬೇಕು ಎಂಬುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫೋನಿನೊಳಗೆ ಬಂದದ್ದೂ ಉಡಿಯದೇ ಎಂದು ಗುರುದೇವಿ ತಿಳಿದಳು. ತವರಿನ ಮೇಲಿನ ಪ್ರೀತಿಯಿಂದಲೇ ತವರಿನ ಧ್ವನಿಯನ್ನು ಅಳಿಸುತ್ತ ಬಂದಳು. ದಯವಿಟ್ಟು ನಗಬೇಡಿ. ಗೊತ್ತಿಲ್ಲದೆ ನಾವೂ ಇಂಥದ್ದೇನಾದರೂ ಮಾಡಿರುತ್ತೇವೆ.

ಪಂಚಮಿಗೆ ನಾಲ್ಕು ದಿನವಿದ್ದಾಗ, ಊರಿನ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ಪಂಚಶೀಲಾ ಕುಪ್ಪಸದ ಅಳತೆ ಕೊಡಲು ಬಂದಳು. ಹೊಲಿಗೆ ಯಂತ್ರ ನಿಂತಿತ್ತು. ಗುರುದೇವಿ ಫೋನು ಕಿವಿಗೆ ಹಿಡಿದು ಕುಳಿತಿದ್ದಳು, ಕಣ್ಣುಗಳು ಒದ್ದೆಯಾಗಿದ್ದವು. ಗಂಡ ತಾಯಪ್ಪ ಹೊಸ್ತಿಲ ಬಳಿ ಕುಳಿತಿದ್ದ.

"ಯಾಕ ಗುರುದೇವಿ, ಏನಾಗ್ಯಾದ?"

"ಏನಿಲ್ಲಕ್ಕ. ಫೋನ್ ಮತ್ತ ತುಂಬ್ಯಾದ. ಇವತ್ತ ಅವ್ವನ ಇನ್ನೊಂದು ಮಾತ ತೆಗಿಬೇಕು. ಯಾವದ ತೆಗಿಲಿ ಅಂತ ಒಂದೊಂದ ಕೇಳಾಕತ್ತೀನಿ. ಯಾವದಕ್ಕೂ ಮನಸ ಆಗವಲ್ದು."

ಪಂಚಶೀಲಾ ಫೋನು ಇಸಿದುಕೊಂಡು ನೋಡಿದಳು.

"ಇಷ್ಟ ಆಟ ಯಾರ ಆಡ್ತಾರ ನಿಮ್ಮನ್ಯಾಗ?"

"ಯಾರೂ ಆಡಂಗಿಲ್ಲ. ಫೋನಿನ ಜೋಡಿ ಬಂದಾವ. ಅಣ್ಣ ಉಡ್ಯಾಗ ಹಾಕಿ ಕೊಟ್ಟಾನಕ್ಕ, ಅದನ್ನ ಹ್ಯಾಂಗ ತೆಗದ ಒಗಿಲಿ?"

ತಾಯಪ್ಪನೂ ಬಾಯಿ ಹಾಕಿದ. "ನಾನೂ ಬ್ಯಾಡ ಅಂದೀನ್ರಿ. ಕಂಪನಿಯವರು ಸುಮ್ನ ಹಾಕಿರ್ತಾರೇನು? ಟ್ರ್ಯಾಕ್ಟರಿಂದು ಒಂದ ನಟ್ ಬಿಚ್ಚಿದರ ಗಾಡಿ ಹಾದ್ಯಾಗ ನಿಲ್ತದ."

"ನಟ್ ಬಿಚ್ಚಬಾರದು, ಖರೇ ಅದ," ಎಂದಳು ಪಂಚಶೀಲಾ. "ಆದರ ಟ್ರ್ಯಾಕ್ಟರಿಗೆ ಯಾರೋ ಜಾಹೀರಾತಿನ ಹಾಳಿ ಹಚ್ಚಿರ್ತಾರ. ಅದನ್ನ ಹರದರ ಗಾಡಿ ನಿಲ್ತದೇನ್ರಿ? ಇವು ಬಾಳಷ್ಟು ಅಂಥವೇ."

ಪಂಚಶೀಲಾ ಗುರುದೇವಿಯ ಪಕ್ಕಕ್ಕೆ ಸರಿದು ಕುಳಿತಳು.

"ಉಡಿ ಅಕ್ಕಿ ಮನಿಗೆ ತಂದು ಅನ್ನ ಮಾಡೋ ಮುಂದ ಕಲ್ಲು-ಹರಳು ಆರಿಸ್ತಿಯೋ ಇಲ್ಲೋ?"

"ಆರಿಸ್ತೀನಿ."

"ಅಕ್ಕಿ ನಿಮ್ಮವ್ವ ಹಾಕ್ಯಾಳ. ಹರಳು ಅಂಗಡಿಯಿಂದ ಬಂದದ. ಹರಳು ತೆಗದರ ತವರಿಗೆ ಏನ ಕಮ್ಮಿ ಆಗ್ತದ?"

ಗುರುದೇವಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ, "ತೋರಿಸಕ್ಕ," ಎಂದಳು.

ಪಂಚಶೀಲಾ ಮೊದಲು ಆ ಒಂಬತ್ತು ಮಾತುಗಳನ್ನು ತಾಯಪ್ಪನ ಫೋನಿಗೂ ತನ್ನ ಫೋನಿಗೂ ಕಳಿಸಿದಳು. ಬೇಕಾದದ್ದರ ನಕಲು ಬೇರೆ ಕಡೆ ಇರಬೇಕು, ಉಳಿದ ಕೆಲಸ ಆಮೇಲೆ. ಬಳಿಕ ಒಂದು ಆಟದ ಚಿತ್ರದ ಮೇಲೆ ಗುರುದೇವಿಯದೇ ಬೆರಳು ಒತ್ತಿ ಹಿಡಿಸಿದಳು. "ಆ್ಯಪ್ ಮಾಹಿತಿ" ಎಂದು ಬಂತು. ಒಳಗೆ ಹೋದರೆ "ಅನ್‌ಇನ್‌ಸ್ಟಾಲ್" ಎಂದಿತ್ತು. ಒತ್ತಿದಳು. ಆಟ ಹೋಯಿತು.

ಸುದ್ದಿಯ ಆ್ಯಪಿನಲ್ಲಿ "ಅನ್‌ಇನ್‌ಸ್ಟಾಲ್" ಎಂಬುದೇ ಇರಲಿಲ್ಲ.

"ಇದು ಪೂರಾ ಹೋಗಂಗಿಲ್ಲ. ಇಲ್ಲಿ 'ನಿಷ್ಕ್ರಿಯಗೊಳಿಸಿ' ಅಂತ ಅದ ನೋಡು, ಅದನ್ನ ಒತ್ತು. ಮಲಗಿಬಿಡ್ತದ. ಒಂದಷ್ಟು ಜಾಗ ಅದರ ಹತ್ರನೇ ಉಳಿತದ, ಸುಳ್ಳ ಹೇಳಂಗಿಲ್ಲ. ಆದರ ಅದು ಕೂಡಿ ಹಾಕಿದ್ದೆಲ್ಲ ಖಾಲಿ ಆಗ್ತದ, ದಿನಾ ನೆಟ್ ತಿನ್ನೋದೂ ನಿಲ್ತದ. ನಾಳಿ ಬೇಕಂದ್ರ ಇಲ್ಲೇ ಬಂದು 'ಸಕ್ರಿಯಗೊಳಿಸಿ' ಒತ್ತಿದರ ಎದ್ದು ಬರ್ತದ."

"ಎಲ್ಲಾ ಹಿಂಗ ತೆಗಿಬಹುದೇನ್ರಿ?" ತಾಯಪ್ಪ ಕೇಳಿದ.

"ಇಲ್ರಿ. ಕರೆ ಮಾಡೋದು, ಮೆಸೇಜು, ಸೆಟ್ಟಿಂಗ್ಸು, ಕೀಬೋರ್ಡು, ಪ್ಲೇ ಸ್ಟೋರು, ಇವನ್ನ ಮುಟ್ಟಬಾರದು. ಏನಂತ ಗೊತ್ತಾಗದ್ದನ್ನ ಕೇಳಿ ತಿಳಕೊಂಡ ಮ್ಯಾಲೇ ಮುಟ್ಟಬೇಕು. ನೀವು ಹೇಳಿದ ನಟ್ ಅಂದರ ಇವೇ."

ಇನ್ನೊಂದು ಆಟ ತೆರೆದಾಗ ಗುರುದೇವಿ ಅಲ್ಲಿದ್ದ ಅಂಕಿ ತೋರಿಸಿ ಕೇಳಿದಳು, "ಇದೇನಕ್ಕ?"

"ಇದು ತಿಂದ ಜಾಗ. ನಾಕನೂರು ಎಂಬಿ."

"ಅವ್ವನ ಮಾತು ಎಷ್ಟ ತಿಂತಾವ?"

ಪಂಚಶೀಲಾ ಅವುಗಳ ಅಂಕಿಯನ್ನೂ ತೆರೆದು ನೋಡಿದಳು. ಹೇಳದೆ ಇರಲು ಆಗಲಿಲ್ಲ.

"ಒಂಬತ್ತೂ ಕೂಡಿದರ ಎರಡ ಎಂಬಿ ಆಗಂಗಿಲ್ಲ ತಂಗಿ."

"ಅಂದರ ನಾ ತೆಗದದ್ದು..."

"ಅದರಿಂದ ಒಂದೆರಡ ಫೋಟೊದಷ್ಟ ಜಾಗ ಆಗಿರಬೇಕು, ಅಷ್ಟ."

ಗುರುದೇವಿ ಅಳಲಿಲ್ಲ. ಅಣ್ಣನಿಗೆ ಫೋನು ಹಚ್ಚಿ, ಅವ್ವ ಕಳಿಸಿದ್ದೆಲ್ಲ ನಿನ್ನ ಕಡೆ ಅದಾವೇನು ಎಂದು ಕೇಳಿದಳು. ನೀಲಕಂಠನ ಆ ಫೋನು ಅವ್ವ ಹೋದ ತಿಂಗಳಲ್ಲೇ ಕಾಲುವೆಗೆ ಬಿದ್ದಿತ್ತು. ಹೊಸ ಫೋನಿನಲ್ಲಿ ಏನೂ ಇರಲಿಲ್ಲ. ಇಪ್ಪತ್ತೆರಡು ಮಾತುಗಳು ಇನ್ನು ಯಾರ ಬಳಿಯೂ ಇಲ್ಲ.

ಒಂದೊಂದಾಗಿ ಎಂಟು ಆ್ಯಪುಗಳನ್ನು ಗುರುದೇವಿಯೇ ತೆಗೆದಳು, ಮಲಗಿಸಿದಳು. ಫೋನು ಕೆಡಲಿಲ್ಲ. ನಿಂತಿದ್ದ ಕುಪ್ಪಸದ ಫೋಟೊಗಳು ಸಾಲಾಗಿ ಬಂದು ಬಿದ್ದವು. ಅವಳು ಅವುಗಳ ಕಡೆ ನೋಡದೆ ತಾಯಿಯ ಒಂದು ಮಾತು ಹಚ್ಚಿದಳು. ಚಳಿಗಾಲದಲ್ಲಿ ಬಂದದ್ದು.

"ಗುರುದೇವೀ, ಕೆರಿಗೆ ಹಕ್ಕಿ ಬಂದಾವ. ನೀ ಎಂದ ಬರ್ತಿ?"

ಮೂವರೂ ಕೇಳಿದರು. ತಾಯಪ್ಪ ತನ್ನ ಫೋನನ್ನೂ ಪಂಚಶೀಲಾಳ ಮುಂದೆ ಇಟ್ಟ. "ಇದನ್ನೂ ನೋಡ್ರಿ. ಇದರಾಗೂ ಹರಳು ಬಾಳ ಅವ."

"ನಾ ಪಂಚಮಿಗೆ ಬೋನಾಳಕ್ಕ ಹೋಗ್ತೀನಿ," ಎಂದಳು ಗುರುದೇವಿ.

"ಅವ್ವ ತೀರಿದ ವರ್ಸ ಹಬ್ಬ ಎಲ್ಲಿದು?" ಎಂದ ತಾಯಪ್ಪ.

"ಹಬ್ಬಕ್ಕಲ್ಲ. ಅಣ್ಣನ ಹತ್ರ ಅವ್ವನ ಮಾತ ಒಂದೂ ಉಳದಿಲ್ಲ. ಈ ಒಂಬತ್ತ ಕೊಟ್ಟ ಬರ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಈ ಹಾಳೆ ಮಡಿಸಿ ಇಡುವ ಮೊದಲು ನಿಮ್ಮ ಫೋನು ಕೈಗೆತ್ತಿಕೊಳ್ಳಿ. ನೀವು ತೆರೆಯದ, ನೀವು ಕೇಳದೆ ಬಂದ ಆ್ಯಪುಗಳು ಯಾವುವು ನೋಡಿ. ಚಿತ್ರದ ಮೇಲೆ ಬೆರಳು ಒತ್ತಿ ಹಿಡಿಯಿರಿ. ತೆಗೆಯಲು ಬಂದರೆ ತೆಗೆಯಿರಿ, ಬಾರದಿದ್ದರೆ ನಿಷ್ಕ್ರಿಯಗೊಳಿಸಿ. ತಿಳಿಯದಿದ್ದರೆ ನಿಮ್ಮೂರ ಗ್ರಂಥಾಲಯದಲ್ಲೋ, ತಿಳಿದ ನೆರೆಯವರನ್ನೋ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ನಿಮ್ಮವರ ಮುಖ, ನಿಮ್ಮವರ ಮಾತು ಅಳಿಸುವ ಮೊದಲು ಇಷ್ಟು ಮಾಡಿ. ಹರಳು ಉಳಿಸಿಕೊಂಡು ಅಕ್ಕಿ ಚೆಲ್ಲಬೇಡಿ.