ಡ್ಯಾಶಿಂಗ್ ಕಾರಿನ ನೆಲ

ಈಗ ಅಲ್ಲಿ ಉಳಿದಿರುವುದು ಅರ್ಧ ನೆಲ ಮಾತ್ರ. ಸುತ್ತ ಹೊಸ ಮನೆಗಳೆದ್ದಿವೆ; ನಡುವೆ ನುಣುಪಾದ ಸಿಮೆಂಟು, ಅದರ ಮೇಲೆ ಟೈರು ಉಜ್ಜಿದ ಕರಿಯ ಗೆರೆಗಳು. ಮೋಜಿನ ಪಾರ್ಕು ಇದ್ದಾಗ ಒಂದಕ್ಕೊಂದು ಗುದ್ದಿಕೊಳ್ಳುವ ಡ್ಯಾಶಿಂಗ್ ಕಾರುಗಳು ಓಡುತ್ತಿದ್ದ ಜಾಗ ಅದು.

ಪಾರ್ಕು ಮುಚ್ಚಿ, ತಿರುಗುತೊಟ್ಟಿಲು, ಪುಟಾಣಿ ರೈಲು, ಕಾರುಗಳೆಲ್ಲ ಗುಜರಿ ಸೇರಿದ ಮೇಲೂ ಆ ನೆಲವನ್ನು ಬಿಡದವಳು ಗುರುಬಸಮ್ಮ. ಅಲ್ಲಿ ಟಿಕೆಟ್ ಹರಿದುಕೊಡುತ್ತಿದ್ದವಳು. ದಿನವೆಲ್ಲ ಬೇರೆಯವರು ಕಾರು ತಿರುಗಿಸುವುದನ್ನು ನೋಡಿದವಳಿಗೆ ತಾನೊಮ್ಮೆಯೂ ಕೂರಲಿಲ್ಲವೆಂಬ ಸಿಟ್ಟು ಉಳಿದಿತ್ತು. ತಮ್ಮನ ಹಳೆಯ ಸೈಕಲ್ಲು ತಂದು ಆ ಗೆರೆಗಳ ಮೇಲೆಯೇ ಬಿದ್ದು ಎದ್ದು ಕಲಿತಳು. ಆಮೇಲೆ ನಮ್ಮ ಓಣಿಯ ಹೆಂಗಸರನ್ನು ಒಬ್ಬೊಬ್ಬರಾಗಿ ಎಳೆದು ತಂದಳು.

ನನಗಾಗ ಊರಾಚೆಯ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. "ನಾ ಬ್ಯಾಡ ಅನ್ನೂದಿಲ್ಲವಾ. ಆದ್ರ ಆ ದಾರಿಗೆ ಬಸ್ಸಿಲ್ಲಲ್ಲ?" ಎಂದಿದ್ದರು ಮಾವ, ಮೃದುವಾಗಿಯೇ. ಅದನ್ನು ಕಾಳಜಿಯೆಂದೇ ನಂಬಿ ಸೈಕಲ್ ಕಲಿಯಲು ಹೋದೆ.

"ಕೆಳಗ ನೋಡಬ್ಯಾಡ, ಮುಂದ ನೋಡು!" ಎನ್ನುತ್ತ ಗುರುಬಸಮ್ಮ ಸೀಟು ಹಿಡಿದು ಹಿಂದೆ ಓಡುತ್ತಿದ್ದಳು. ನನ್ನ ಮೊಣಕೈಯೆಲ್ಲ ತರಚಿತ್ತು. ಮಾವ ಗಾಯ ನೋಡಿದರು.

ಒಂದು ಬೆಳಿಗ್ಗೆ ಹೋದಾಗ ಅರ್ಧ ನೆಲ ಪುಡಿಯಾಗಿತ್ತು. ಜಾಗ ಕೊಂಡವರ ಮೇಸ್ತ್ರಿ, ಹಾರೆ ಹಿಡಿದ ಆಳುಗಳು ನಿಂತಿದ್ದರು. ಉಳಿದರ್ಧದ ನಡುವೆ ಗುರುಬಸಮ್ಮ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು.

"ಮನಿ ಕಟ್ಟಾಕ ಇನ್ನೂ ಟೈಮ್ ಐತಿ ಅಂದಿದ್ರಿ. ಈಗ್ಯಾಕ ಒಡೀತೀರಿ?" ಎಂದಳು.

ಮೇಸ್ತ್ರಿ ತಲೆ ಕೆರೆದುಕೊಂಡ. "ನಮಗೇನ್ ಅವಸರ ಇಲ್ರಿ ಅಕ್ಕಾರ. ನಿಮ್ಮ ಓಣಿ ಹಿರ್ಯಾರ ಬಂದು ಹೇಳ್ಯಾರ, ಹೆಣ್ಮಕ್ಕಳು ಇಲ್ಲಿ ಕೆಡಾಕತ್ತಾರ ಅಂತ." ನಮ್ಮ ಮನೆ ಬಲ್ಲವನು ಅವನು, ನನ್ನತ್ತ ನೋಡಿ ದನಿ ತಗ್ಗಿಸಿದ. "ಮುಂದ ನಿಂತು ಹೇಳಿದವ್ರು ನಿಮ್ಮ ಮಾವನೋರ."

ನನ್ನ ಕಿವಿ ಬಿಸಿಯಾಯಿತು. ಆ ದಾರಿಗೆ ಬಸ್ಸಿಲ್ಲದಿರುವುದೇ ಅವರಿಗೆ ಬೇಕಾಗಿತ್ತು! ಅಳು ಬಂದೀತು ಎಂದುಕೊಂಡೆ, ಬರಲಿಲ್ಲ.

"ಸೈಕಲ್ ಕೊಡಕ್ಕ."

"ಇನ್ನೂ ತಿರುವಿನಾಗ ಬೀಳ್ತೀಯಲ್ಲ?"

"ಗಿರಣಿ ದಾರಿ ನೆಟ್ಟಗೈತಿ."

ಅವಳು ನಕ್ಕು ಸೈಕಲ್ಲಿನತ್ತ ಕೈ ತೋರಿದಳು, ತಾನು ಮಾತ್ರ ಏಳಲಿಲ್ಲ. ಸಂಜೆಯ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಅವಳ ಜೊತೆ ಕುಳಿತಿದ್ದರಂತೆ. ಹಾರೆಗಳು ಅಲ್ಲಿಂದ ಮುಂದೆ ಹೋಗಲಿಲ್ಲ. ಕಡೆಗೆ ಮನೆ ಕಟ್ಟಿದವರೂ ಆ ತುಂಡನ್ನು ಬಿಟ್ಟೇ ಕಟ್ಟಿದರು. ಇವತ್ತಿಗೂ ಹೆಣ್ಣುಮಕ್ಕಳು ಅಲ್ಲಿ ಬೀಳುತ್ತಾರೆ, ಏಳುತ್ತಾರೆ.

ಆ ಬೆಳಿಗ್ಗೆ ನಾನು ಸೈಕಲ್ ಏರಿ ರಸ್ತೆಗಿಳಿದೆ. ಚಹದಂಗಡಿಯ ಕಟ್ಟೆಯ ಮೇಲೆ ಮಾವ ಗೆಳೆಯರೊಡನೆ ಕುಳಿತು ರಸ್ತೆಗೆ ಕಾಲು ಚಾಚಿದ್ದರು. ಬೆಲ್ ಹೊಡೆದೆ. ಅವರು ನನ್ನನ್ನು ನೋಡಿದರು, ಅಲುಗಲಿಲ್ಲ. ನಾನು ಇಳಿಯಲಿಲ್ಲ; ಇನ್ನೊಮ್ಮೆ, ಜೋರಾಗಿ ಹೊಡೆದೆ.

ಮಾವ ಮೆಲ್ಲಗೆ ಕಾಲು ಮಡಚಿಕೊಂಡರು.