ಕೈಯಲ್ಲಿ ಓಡಿದ ಮಾವ

ಪರದೆಯ ಮೇಲೆ ನಾಯಕಿ ಜೀವ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಓಡುತ್ತಿದ್ದಳು. ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ, ಎಲ್ಲರೂ ಪಟಾಕಿ ಎಂದೇ ಕರೆಯುವ ಹುಡುಗಿ ಕೂತು ಕಣ್ಣು ಮುಚ್ಚಿಕೊಂಡು ಹೆಡ್‌ಫೋನಿನಲ್ಲಿ ಆ ಹೆಜ್ಜೆಗಳನ್ನು ಕೇಳುತ್ತಿದ್ದಳು. ಟಕ ಟಕ ಟಕ. ತಾಳ ಸರಿಯಾಗಿತ್ತು. ಆದರೆ ಹೆಜ್ಜೆಗೆ ತೂಕವೇ ಇರಲಿಲ್ಲ. ನಾಯಕಿಯ ಬದಲು ಬರೀ ಚಪ್ಪಲಿ ಓಡಿಹೋದಂತಿತ್ತು.

ಹೆಜ್ಜೆಯ ಸದ್ದು, ಬಾಗಿಲ ಕಿರ್ ಸದ್ದು, ಕಪಾಳಕ್ಕೆ ಬಾರಿಸಿದ ಸದ್ದು ಇವೆಲ್ಲ ಶೂಟಿಂಗ್‌ನಲ್ಲಿ ನೆಟ್ಟಗೆ ಸಿಗುವುದಿಲ್ಲ. ಆಮೇಲೆ ಯಾರಾದರೂ ಸ್ಟುಡಿಯೋದಲ್ಲಿ ಪರದೆ ನೋಡಿಕೊಂಡು ಹೊಸದಾಗಿ ಮಾಡಬೇಕು. ಈ ಸ್ಟುಡಿಯೋದಲ್ಲಿ ಆ 'ಯಾರಾದರೂ' ಎಂದರೆ ಪಟಾಕಿಯ ಸೋದರಮಾವ. ಹೀಲ್ಸ್ ಹಾಕಿಕೊಂಡು ಎಷ್ಟೋ ನಾಯಕಿಯರಾಗಿದ್ದಾನೆ, ಬೂಟು ಹಾಕಿಕೊಂಡು ಖಳನಾಯಕರಾಗಿದ್ದಾನೆ. ಮೀಸೆಯನ್ನು ಮಾತ್ರ ಯಾವ ಪಾತ್ರಕ್ಕೂ ಬೋಳಿಸಿದವನಲ್ಲ.

ಪಟಾಕಿ ಕಣ್ಣು ತೆರೆದು ಗಾಜಿನಾಚೆ ಇಣುಕಿದಳು. ಮಾವ ಆರಾಮಾಗಿ ಕುರ್ಚಿಯಲ್ಲಿ ಕೂತು, ಎರಡೂ ಕೈಗೆ ಹೀಲ್ಸ್ ಸಿಕ್ಕಿಸಿಕೊಂಡು ಮರದ ಹಲಗೆ ಬಡಿಯುತ್ತಿದ್ದ.

"ಕಟ್!" ಅವಳು ಮೈಕಿನಲ್ಲಿ ಕೂಗಿದಳು. "ಮಾವ, ನಾಯಕಿ ಯಾವಾಗಿಂದ ಕೈಯಲ್ಲಿ ಓಡೋಕೆ ಶುರು ಮಾಡಿದ್ಲು?"

"ಹೊಸ ಟೆಕ್ನಿಕ್ ಕಣೇ."

"ಟೆಕ್ನಿಕ್ಕೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ. ಎದ್ದು ಓಡು. ಒಂದೇ ಟೇಕು."

ಮಾವ ಗೊಣಗಿಕೊಂಡು ಎದ್ದ. ಹಲಗೆಯ ಮೇಲೆ ನಿಂತಲ್ಲೇ ಓಡಿದ. ನಾಯಕಿ ಇನ್ನೂ ಅರ್ಧ ಮಹಡಿ ಹತ್ತಿರಲಿಲ್ಲ, ಅಷ್ಟರಲ್ಲಿ ಪಟಾಕಿಯ ಕಿವಿಯಲ್ಲಿ ತಿದಿ ಒತ್ತಿದ ಹಾಗೆ ಉಸಿರು ಬುಸುಗುಟ್ಟಿತು. ಮಾವ ಮೇಜಿನ ಅಂಚು ಹಿಡಿದು ಬಗ್ಗಿದ್ದ. ಇವಳು ನೋಡುತ್ತಿದ್ದಾಳೆಂದು ಗೊತ್ತಾದ ಕೂಡಲೇ ನೆಲದಲ್ಲಿ ಏನೋ ಹುಡುಕುವವನಂತೆ ನಟಿಸಿದ. ಸದ್ದಿನಲ್ಲಿ ಪ್ರಚಂಡ, ನಟನೆಯಲ್ಲಿ ಸೊನ್ನೆ.

ಕೆಲವು ತಿಂಗಳ ಹಿಂದೆ ಫ್ಲೂ ಜ್ವರ ಅವನ ಶ್ವಾಸಕೋಶಕ್ಕೆ ಇಳಿದು, ಆಮ್ಲಜನಕ ಹಾಕಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ವಾಸಿಯಾಗಿ ಮನೆಗೆ ಹೊರಟಾಗ ಡಾಕ್ಟರು, ಹೃದಯವನ್ನೂ ಒಮ್ಮೆ ತೋರಿಸಿ ಎಂದಿದ್ದರು. ಮಾವ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

"ಜ್ವರ ಬಂದಿದ್ದು ಶ್ವಾಸಕೋಶಕ್ಕೆ. ಪಕ್ಕದ ಮನೇಲಿ ಕಳ್ಳತನ ಆದ್ರೆ ನಮ್ಮನೆ ಬೀರು ಯಾಕೆ ತೆಗೆದು ತೋರಿಸ್ಬೇಕು?" ಎಂಬುದು ಅವನ ವಾದ.

ಅತ್ತೆ ಬೈದು ನೋಡಿದಳು, ಅತ್ತು ನೋಡಿದಳು, ಕೊನೆಗೆ ಮಾತು ಬಿಟ್ಟು ನೋಡಿದಳು. ಮಾತು ಬಿಟ್ಟಾಗ ಮಾವ ಇನ್ನೂ ಚೆನ್ನಾಗಿ ನಿದ್ದೆ ಮಾಡಿದ. ಒಳಗಿನ ಗುಟ್ಟು ಪಟಾಕಿಗೆ ಗೊತ್ತಿತ್ತು. ಡಾಕ್ಟರು 'ಇನ್ನು ಓಡಬೇಡಿ' ಅಂದುಬಿಟ್ಟರೆ? ಓಡದ ಮಾವನನ್ನು ಯಾವ ಸಿನಿಮಾದವರು ಕರೆಯುತ್ತಾರೆ?

ಆದರೆ ಈ ಪಟಾಕಿಗೆ ಒಮ್ಮೆ ಬತ್ತಿ ಹತ್ತಿಕೊಂಡರೆ ಮುಗಿಯಿತು. ಮರುದಿನ ಅವಳು ಗಂಭೀರವಾಗಿ ಮುಖ ಮಾಡಿಕೊಂಡು ಬಂದಳು.

"ಮಾವ, ಹೊಸ ಡೈರೆಕ್ಟರು ಎದೆಬಡಿತದ ಸದ್ದು ಬೇಕು ಅಂದ್ರು. ನೀನು ದಿಂಬು ಬಡಿದು ಮಾಡೋದು ಬೇಡ್ವಂತೆ."

ಮಾವನ ಮೀಸೆ ಕುಣಿಯಿತು. "ನನ್ನ ದಿಂಬಿಗೇನಾಗಿದೆ? ಎಂತೆಂಥಾ ಹೀರೋಗಳ ಎದೆ ಆ ದಿಂಬಲ್ಲಿ ಬಡ್ಕೊಂಡಿದೆ ಗೊತ್ತಾ?"

"ಅವರಿಗೆ ಅಸಲಿ ಬೇಕಂತೆ. ಹೃದಯದ ಸ್ಕ್ಯಾನ್ ಮಾಡ್ವಾಗ ರಕ್ತ ನುಗ್ಗೋ ಸದ್ದು ಆ ಮಷೀನಲ್ಲಿ ಕೇಳುತ್ತಂತೆ. ನೀನು ಮಾಡಲ್ಲ ಅಂದ್ರೆ ಪಕ್ಕದ ಸ್ಟುಡಿಯೋದವ್ರು..."

"ಪಕ್ಕದ ಸ್ಟುಡಿಯೋನಾ?" ಮಾವ ಎದ್ದೇ ನಿಂತ. "ಯಾರ ಹೃದಯ ಮಲಗಿಸೋದು?"

"ಹೃದಯ ಬಾಡಿಗೆಗೆ ಸಿಗುತ್ತಾ? ನಿಂದೇ."

ಮಾವ ಗಾಳಕ್ಕೆ ಬಿದ್ದ. ಗಾಳವನ್ನೂ ದಾರವನ್ನೂ ಸೇರಿಸಿ ನುಂಗಿದ.

ಸ್ಕ್ಯಾನ್ ಕೋಣೆಯಲ್ಲಿ ಎಡಮಗ್ಗುಲಿಗೆ ಮಲಗಿದ್ದರೂ ಮಾವನದೇ ದರ್ಬಾರು. "ಡಾಕ್ಟರಮ್ಮ, ಆ ಫ್ಯಾನ್ ನಿಲ್ಲಿಸ್ತೀರಾ? ಗುಂಯ್ ಅಂತಿದೆ. ಎಲ್ಲಾ ಸೈಲೆನ್ಸ್!" ಪಟಾಕಿ ಮೂಲೆಯಲ್ಲಿ ರೆಕಾರ್ಡರ್ ಹಿಡಿದು ನಿಂತಿದ್ದಳು. ಎದೆಗೆ ತಣ್ಣನೆಯ ಜೆಲ್ ಬಿದ್ದಾಗ ಮಾವ ಕುಯ್ ಎಂದ. ಆಮೇಲೆ ಕೋಣೆ ತುಂಬ ಸದ್ದು ಎದ್ದಿತು. ವುಶ್... ವುಶ್... ವುಶ್...

"ಆಹಾ! ಏನ್ ಗತ್ತು!" ಮಾವನ ಕಣ್ಣು ಅರಳಿತು. "ಒಳಗೆ ಇಂಥಾ ಸಮುದ್ರ ಇಟ್ಕೊಂಡು ಇಷ್ಟು ದಿನ ದಿಂಬು ಬಡೀತಿದ್ನಲ್ಲೇ! ನನ್ನ ಹೃದಯ ಪಸಂದಾಗಿದೆ ಬಿಡಿ."

ಡಾಕ್ಟರಮ್ಮ ನಗಲಿಲ್ಲ. ಪರದೆಯಿಂದ ಕಣ್ಣು ಕೀಳದೆ ಹೇಳಿದರು. "ಸದ್ದು ಚೆನ್ನಾಗಿದೆ ಅಂದ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಅಂತಲ್ಲ. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ?"

"ಛೆ ಛೆ, ಇಲ್ಲಪ್ಪ." ಮಾವ ಪಟಾಕಿಯ ಕಡೆ ತಿರುಗಿದ. "ಲೇ, ರೆಕಾರ್ಡ್ ಆಯ್ತಾ? ಕೆಂಪು ದೀಪ ಎಲ್ಲಿ?"

ಪಟಾಕಿ ಕೈಲಿದ್ದುದನ್ನು ತಿರುಗಿಸಿ ನೋಡಿದಳು. ಸುಳ್ಳಿನ ಡೈರೆಕ್ಟರನ್ನು ಹುಟ್ಟಿಸಿ, ಸಿನಿಮಾ ಹುಟ್ಟಿಸಿ, ಇಷ್ಟೆಲ್ಲ ನಾಟಕ ಕಟ್ಟಿದವಳು ರೆಕಾರ್ಡರಿಗೆ ಬ್ಯಾಟರಿ ಹಾಕುವುದನ್ನೇ ಮರೆತಿದ್ದಳು.

ಮಾವ ದೀಪ ಹತ್ತದ ರೆಕಾರ್ಡರನ್ನೂ ಅವಳ ಮುಖವನ್ನೂ ನೋಡಿದ. "ಸಿನಿಮಾನೇ ಇಲ್ಲ, ಅಲ್ವಾ?"

ಪಟಾಕಿ ಅವನ ಹತ್ತಿರ ಬಂದಳು. "ಇಲ್ಲ ಮಾವ. ಮೊನ್ನೆ ನಿನ್ನ ಉಸಿರು ನನ್ನ ಕಿವಿಯೊಳಗೇ ಇತ್ತು. ಹೆದರಿಕೆ ಆಯ್ತು."

ಮಾವ ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದ. "ಏದುಸಿರು ಬರುತ್ತೆ ಡಾಕ್ಟ್ರೇ. ಎರಡು ಮೆಟ್ಟಿಲಿಗೇ ಬರುತ್ತೆ. ರಾತ್ರಿ ಮಲಗಿದಾಗಲೂ ಒಮ್ಮೊಮ್ಮೆ."

ಡಾಕ್ಟರಮ್ಮ ಬಿಡಿಸಿ ಹೇಳಿದರು. ಆಸ್ಪತ್ರೆ ಸೇರುವಷ್ಟು ಜೋರಾದ ಸೋಂಕಿನ ಏಟು ಶ್ವಾಸಕೋಶಕ್ಕೇ ನಿಲ್ಲುವುದಿಲ್ಲ, ಹೃದಯಕ್ಕೂ ತಟ್ಟಬಹುದು. ಜ್ವರ ಬಿಟ್ಟ ಎಷ್ಟೋ ತಿಂಗಳ ಮೇಲೂ ಅದು ತೊಂದರೆ ಕೊಡಬಹುದು. ಮಾವನ ಹೃದಯದ ಸ್ನಾಯು ಸೊರಗಿದೆ. ಮಾತ್ರೆ ಬೇಕು, ರಕ್ತದೊತ್ತಡ ನೋಡಿಸುತ್ತಿರಬೇಕು, ವರ್ಷ ವರ್ಷ ಫ್ಲೂ ಲಸಿಕೆ ಬೇಕು. ಬೇಗ ಹಿಡಿದದ್ದರಿಂದ ಚೇತರಿಸಿಕೊಳ್ಳುವ ದಾರಿ ಇದೆ.

"ಓಡ್ಬೋದಾ?" ಮಾವ ಕೇಳಿಯೇಬಿಟ್ಟ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಅದೊಂದೇ.

"ಈಗ ಬೇಡ. ಇಲ್ಲೇ ಬಂದು ನಮ್ಮ ಕಣ್ಮುಂದೆ ನಡೀರಿ, ನಿಧಾನಕ್ಕೆ ಹೆಚ್ಚಿಸೋಣ. ಓಡೋ ಮಾತು ಆಮೇಲೆ."

"'ಆಮೇಲೆ' ಅಂದ್ರಿ. 'ಇನ್ನು ಮೇಲೆ ಬೇಡ' ಅನ್ನಲಿಲ್ಲ."

"ಅನ್ನಲಿಲ್ಲ."

ಮಾವ ಮೀಸೆ ಸರಿಮಾಡಿಕೊಂಡು ಎದ್ದು ಕೂತ. "ಅಲ್ಲೀವರೆಗೂ ಓಡೋದೆಲ್ಲ ಇವಳು. ಹೆಜ್ಜೆಗೆ ತೂಕ ಹಾಕೋದು ನಾನು ಕಲಿಸ್ತೀನಿ. ದುಡ್ಡು ಮಾತ್ರ ನಂದು."

"ಅಯ್ಯೋ, ಇದ್ಯಾವ ನ್ಯಾಯ?"

"ಸುಳ್ಳು ಸಿನಿಮಾಕ್ಕೆ ನನ್ನ ಎದೆ ಬಿಚ್ಚಿಸಿದ್ದು ಯಾವ ನ್ಯಾಯ?"

ಹೊರಗಿನ ಉದ್ದನೆಯ ಕಾರಿಡಾರಿನಲ್ಲಿ ಅರ್ಧ ದಾರಿಗೆ ಮಾವ ನಿಂತ. ಯಾವ ನಾಟಕವನ್ನೂ ಆಡಲಿಲ್ಲ. "ತಡಿಯೇ, ಸುಸ್ತಾಯ್ತು," ಎಂದು ಬೆಂಚಿನ ಮೇಲೆ ಕೂತು, ಪಟಾಕಿಯ ಫೋನು ಕಿತ್ತುಕೊಂಡು ಮನೆಗೆ ಕರೆ ಮಾಡಿದ.

"ಹಲೋ, ನಾನೇ ಕಣೇ. ಹೂಂ, ತೋರಿಸ್ದೆ. ಹೃದಯ ಸ್ವಲ್ಪ ಸೊರಗಿದೆಯಂತೆ." ಆ ಕಡೆಯಿಂದ ಅತ್ತೆಯ ದನಿ ಫೋನಿನ ಹೊರಗೇ ಚಿಮ್ಮಿತು. ಮಾವ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದು, ಗೋಡೆಗೆ ಬೆನ್ನು ಕೊಟ್ಟು, ಪಟಾಕಿಗೆ ಕಣ್ಣು ಹೊಡೆದ.

"ಬೈಯೇ, ಪೂರ್ತಿ ಬೈದು ಮುಗಿಸು. ನಾನು ಕೂತೇ ಇದ್ದೀನಿ, ಯಾವ ಅವಸರನೂ ಇಲ್ಲ."